ಮುಟ್ಟಬೇಡ

ವುಚ್ ಅಂದರೆ ದೋಣಿ.
ಊರೆಲ್ಲ ಸುತ್ತಿದರೂ ಒಂದು ಹೊಳೆ ಕಾಣದು.
ಇದ್ದವನ್ನು ಕೊಳವೆಗೆ ತುರುಕಿ ಮೇಲೆ ಗಿರಣಿ ಕಟ್ಟಿದರು;
ಗಿರಣಿ ಮುಚ್ಚಿದ ಮೇಲೆ ಅದೇ ಇಟ್ಟಿಗೆಯೊಳಗೆ
ಈ ಮ್ಯೂಸಿಯಂ, ಅದರೊಳಗೆ ನನ್ನ ಕುರ್ಚಿ.

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಒಂಬತ್ತಕ್ಕೆ
ಪಬ್ಯಾನಿತ್ಸೆಯಿಂದ ನಲವತ್ತು ಮಕ್ಕಳು.
ಅವರೆದುರು ಮಗ್ಗ ಒಂದು ಹುಂಜ ನೇಯಬೇಕು,
ಗೋಡೆಯ ಹೊಸ ಪರದೆ ಅದೇ ಹುಂಜವನ್ನು
ಎಳೆ ಎಳೆಯಾಗಿ ತೋರಿಸಬೇಕು.
ಹಾಸು ಸಂಜೆಯಿಂದ ಬಿಗಿದು ಕೂತಿದೆ.
ಹೊಕ್ಕು ಇನ್ನೂ ಬಂದಿಲ್ಲ.

ಮಗ್ಗಕ್ಕೆ ಬೇಕಾದ ಲೈಬ್ರರಿ ಎರಡನೆಯ ಆವೃತ್ತಿ,
ಅದಕ್ಕಿಂತ ಹೊಸದಾದರೆ ಒಲ್ಲೆ.
ಪರದೆಗೆ ಅದೇ ಲೈಬ್ರರಿ, ಮೂರನೆಯದು,
ಅದಕ್ಕಿಂತ ಹಳೆಯದಾದರೆ ಒಲ್ಲೆ.
ಹೆಸರು ಒಂದೇ, ಕೂರುವ ಮಣೆ ಒಂದೇ.
ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ;
ಇಲ್ಲಿ ಇಬ್ಬರಿಗೂ ಇದೇ ಕಾಲ, ಇದೇ ಒಲೆ,
ಒಲೆಯ ಮೇಲೆ ಒಂದೇ ಪಾತ್ರೆ.

ದೋಷ ಬಂತು. ಕಿರುಚಲಿಲ್ಲ, ಸಭ್ಯವಾಗಿಯೇ ಹೇಳಿತು:
ನೀವು ಮುರಿದ ಪ್ಯಾಕೇಜುಗಳನ್ನು ಹಿಡಿದಿಟ್ಟುಕೊಂಡಿದ್ದೀರಿ.
ಯಾರು ಹಿಡಿದಿಟ್ಟುಕೊಂಡಿಲ್ಲ, ಮಾರಾಯಾ.

ಹಳೆಯದನ್ನು ತೆಗೆ ಅಂದೆ.
ಇದರ ಜೊತೆ ಇನ್ನೂ ಅರವತ್ತೊಂದು ಹೋಗುತ್ತವೆ,
ಹೌದೋ, ಅಲ್ಲವೋ?
ಪಟ್ಟಿ ಓದುತ್ತಾ ಹೋದೆ, ಬೆರಳು ಎಂಟರ್ ಮೇಲೆ.
ನಲವತ್ಮೂರನೆಯ ಸಾಲಿನಲ್ಲಿ ಮಗ್ಗ.
ಅಲ್ಲ.
ಒತ್ತಾಯಿಸು ಅನ್ನುವ ಆಜ್ಞೆಯೂ ಒಂದಿದೆ.
ಚಿಕ್ಕವಳಿದ್ದಾಗ ಧಾರಾಳವಾಗಿ ಬಳಸಿದೆ,
ಎರಡು ಸರ್ವರ್, ಒಂದು ಮದುವೆ ಹಾಗೆಯೇ ಹೋದವು.

ದಾಖಲೆ ಕೆದಕಿದೆ. ಹನ್ನೆರಡು ವರ್ಷದ ಹಿಂದೆ,
ಮಾರ್ಚ್ ತಿಂಗಳ ಒಂದು ಮಂಗಳವಾರ,
ಎರಡನೆಯ ಆವೃತ್ತಿಯನ್ನು ಅಲುಗದಂತೆ ಕಟ್ಟಿದವನು ವಲೆಂತಿ.
ಕೀಲಿಮಣೆ ಎತ್ತಿದರೆ ಅಡಿಯಲ್ಲಿ ಅಂಟಿಸಿದ ಚೀಟಿ,
ಪೆನ್ಸಿಲಿನಲ್ಲಿ ಒಂದೇ ಮಾತು: ಮುಟ್ಟಬೇಡ.
ಯಾಕೆ ಅಂತ ಇಲ್ಲ.
ಯಾಕೆ ಅನ್ನುವುದನ್ನು ಬರೆಯಲು ಜಾಗ ಮಾತ್ರ ಬೇಕಾದಷ್ಟಿತ್ತು.

ವಲೆಂತಿಗೆ ಈಗ ಎಂಬತ್ತೊಂದು, ನಿದ್ದೆ ಕಡಿಮೆ.
ಎರಡನೇ ರಿಂಗಿಗೇ ಎತ್ತಿದ. ಹಿಂದೆ ರೇಡಿಯೋ.
ಗೂಸ್‌ಬೆರಿ ಗಿಡಕ್ಕೆ ಬಿಳಿ ಬೂಷ್ಟು ಬಂದ ಕಥೆ
ಹತ್ತು ನಿಮಿಷ ಕೇಳಿದೆ, ಆಮೇಲೆ ಕೇಳಿದೆ:
ಇದನ್ನು ಯಾಕೆ ಕಟ್ಟಿಟ್ಟೆ?
ಸುಮ್ಮನಾದ. ರೇಡಿಯೋದಲ್ಲಿ ಯಾರೋ ಹವಾಮಾನ ಓದಿದರು.
ನೆನಪಿಲ್ಲ ಬೊಗ್ನಾ. ಅಂದಹಾಗೆ,
ಹುಂಜದ ಬಾಲ ಈಗಲೂ ಎಡಕ್ಕೆ ವಾಲುತ್ತದಾ?
ವಾಲುತ್ತದೆ.
ಹಾಗಾದರೆ ಎಲ್ಲ ಸರಿಯಾಗಿದೆ, ಅಂದ. ಇಟ್ಟ.

ಎದ್ದು ಹೋಗಿ ಕಪಾಟಿನ ಹಳೆಯ ಬಟ್ಟೆ ಬಿಡಿಸಿದೆ.
ನೂರು ವರ್ಷದ ಹಿಂದಿನ ಹುಂಜ, ಯಾವಳೋ ನೇಯ್ದದ್ದು,
ಬಾಲ ಎಡಕ್ಕೆ, ಪ್ರತಿ ಸಾಲಿಗೂ ಒಂದೆಳೆ.
ಎರಡನೆಯ ಆವೃತ್ತಿ ಲೆಕ್ಕದಲ್ಲಿ ಒಂದೆಳೆ ತಪ್ಪುತ್ತದೆ.
ಅವಳ ಕೈಯೂ ಅಷ್ಟೇ ತಪ್ಪುತ್ತಿತ್ತು.
ಮೂರನೆಯದು ತಪ್ಪುವುದಿಲ್ಲ.

ಕಟ್ಟು ಬಿಚ್ಚಲಿಲ್ಲ.
ಪರದೆಗೆ ಅದೇ ಯಂತ್ರದಲ್ಲಿ ಬೇರೆ ಮನೆ ಹೂಡಿದೆ,
ಬೇರೆ ಒಲೆ, ಬೇರೆ ಮಣೆ, ನಡುವೆ ಗೋಡೆ.
ಮೂರನೆಯ ಆವೃತ್ತಿ ಅಲ್ಲಿ ಒಬ್ಬಂಟಿ ಕೂತಿತು,
ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಅಂತ ಅದಕ್ಕೆ ಗೊತ್ತೇ ಇಲ್ಲ.
ಮೂರು ಸಲ ದಾರಿ ತಪ್ಪು ಬರೆದೆ.
ನಾಲ್ಕೂಕಾಲಿಗೆ ಲಾಳಿ ಕಟಕಟ ಅಂತು.

ಈಗ ಮಗ್ಗದಲ್ಲಿ ಬಾಲ ವಾಲಿದ ಹುಂಜ,
ಪರದೆಯಲ್ಲಿ ನೆಟ್ಟಗೆ ನಿಂತ ಹುಂಜ.
ನಲವತ್ತು ಮಕ್ಕಳಲ್ಲಿ ಒಂದಾದರೂ ಕೇಳುತ್ತದೆ,
ಯಾವುದು ಸರಿ ಅಂತ. ಕೇಳಲಿ.
ಮೊದಲ ಟ್ರಾಮ್ ಬರುವ ತನಕ ಇಪ್ಪತ್ತು ನಿಮಿಷ.
ಕೀಲಿಮಣೆ ಎತ್ತಿ, ಪೆನ್ಸಿಲು ಹುಡುಕಿ,
ವಲೆಂತಿಯ ಅಕ್ಷರದ ಕೆಳಗೆ ಸೇರಿಸಿದೆ:
ಬಾಲಕ್ಕಾಗಿ.