ಒಂದೇ ಕೋಟು

ಲೆಕ್ಕ ಕೇಳಿದರೆ ಲಿನಕ್ಸ್ ಎಂಟು ಎನ್ನುತ್ತದೆ.
ಸೊನ್ನೆಯಿಂದ ಏಳು, ಎಂಟು ಸಾಲು.
ಪೆಟ್ಟಿಗೆಯ ಮೇಲಿನ ಚೀಟಿ ಓದು, ಉರ್ವೆ:
ಒಳಗೆ ಇರುವುದು ನಾಲ್ಕೇ ಕೋರು.

ಸುಳ್ಳೇನಲ್ಲ.
ಕ್ಯಾರ್ಡ್ಲದ ಶಾಲೆಯ ಹಾಜರಿ ಪುಸ್ತಕದಲ್ಲೂ ನಾವು ಇಬ್ಬರು,
ಹೆಲ್ವೆ, ಉರ್ವೆ, ಒಬ್ಬಳ ಕೆಳಗೊಬ್ಬಳು;
ಮನೆಯ ಗೂಟದಲ್ಲಿ ಮಾತ್ರ ಒಂದೇ ಕೋಟು.
ಬೆಳಗಿನ ಪಾಳಿ ನಿನ್ನದು, ಮಧ್ಯಾಹ್ನದ್ದು ನನ್ನದು.
ಹಿಮದಲ್ಲಿ ಓಡೋಡಿ ಬಂದು ನೀನು ಅದನ್ನು ಬಿಚ್ಚುವ ತನಕ
ಬೂಟಿನ ದಾರ ಬಿಗಿದು
ಒಲೆಯ ಪಕ್ಕ ಕೂತಿರುತ್ತಿದ್ದೆ.

ಯಾರು ಯಾರ ಒಡಹುಟ್ಟು, ಕರ್ನೆಲ್ಲಿಗೆ ಗೊತ್ತು.
ಒಂದು ಕಡತದಲ್ಲಿ ಬರೆದಿಟ್ಟುಕೊಂಡಿದೆ: ಸೊನ್ನೆಗೆ ನಾಲ್ಕು, ಒಂದಕ್ಕೆ ಐದು.
(ಒಡಹುಟ್ಟು ಎಂಬುದು ಅದರದೇ ಮಾತು, ನಾನು ಸೇರಿಸಿದ್ದಲ್ಲ.)
ಕೆಲಸ ಬಂದರೆ ಮೊದಲು ಪೂರ್ತಿ ಖಾಲಿ ಇರುವ ಕೋರು ಹುಡುಕುತ್ತದೆ,
ಎಲ್ಲ ಭರ್ತಿಯಾದ ಮೇಲಷ್ಟೇ
ಒಂದು ಕೋಟಿಗೆ ಇಬ್ಬರನ್ನು ತೂರಿಸುತ್ತದೆ.
ಒಬ್ಬಳು ಮೆಮೊರಿಯ ಬಾಗಿಲಲ್ಲಿ ಕಾಯುತ್ತ ನಿಂತರೆ
ಕೂಡುವ ಕಳೆಯುವ ಕೈ ಇನ್ನೊಬ್ಬಳಿಗೆ.
ಇದರಿಂದ ದುಪ್ಪಟ್ಟು ಆಗುವುದಿಲ್ಲ,
ಹೆಚ್ಚೆಂದರೆ ಒಂದೂಕಾಲು.
ನಮ್ಮಿಬ್ಬರ ಬಗ್ಗೆ ಅಮ್ಮನೂ ಇಷ್ಟೇ ಹೇಳುತ್ತಿದ್ದಳು.

ಆದರೆ ಜೇಬು, ಉರ್ವೆ.
ನೀನು ಬಾಯಿ ಬಿಟ್ಟವಳಲ್ಲ.
ಎಡಜೇಬು ಬೆಚ್ಚಗಿದ್ದರೆ ಅಲ್ಲಿ ಎರಡು ಕೈ ಇದ್ದವೆಂದು,
ತಣ್ಣಗಿದ್ದರೆ ಆ ದಿನ ಜಗಳವೆಂದು
ಬೆರಳಲ್ಲೇ ಓದಿಕೊಂಡೆ ನಾನು.
ಅಪ್ಪನಿಗೆ ಹೇಳಿದ್ದೂ ನಾನೇ.

ಇವೂ ಹಾಗೇ ಅಂತೆ.
ಕ್ಯಾಶಿನ ಬಿಸಿ ಎಷ್ಟು, ತಂಪು ಎಷ್ಟು ಎಂದು ಅಳೆದಳೆದೇ
ಪಕ್ಕದವಳ ಬೀಗದ ಕೈ ಎತ್ತಬಹುದಂತೆ.
ಟ್ಯಾಲಿನ್‌ನಿಂದ ಒಂದೇ ಸಾಲಿನ ಆಜ್ಞೆ ಬಂತು.
ನಡುರಾತ್ರಿ, ಬಂದರಿನ ಯಂತ್ರದಲ್ಲಿ, 'ಆಫ್' ಎಂದು ಬರೆದೆ.
ನಾಲ್ಕು, ಐದು, ಆರು, ಏಳು
ಒಂದೊಂದಾಗಿ ಇಳಿದವು.
ಯಾರೂ ಸಾಯಲಿಲ್ಲ; ಅವರ ಹೊರೆ ಒಡಹುಟ್ಟುಗಳ ಹೆಗಲಿಗೆ ಸರಿಯಿತು, ಅಷ್ಟೆ.
ಕಡಲ ಹಿಮದ ಲೆಕ್ಕ ಮುಕ್ಕಾಲು ಗಂಟೆ ತಡ.
ಹೆಲ್ಟರ್ಮಾದ ಹಡಗಿನ ಕಪ್ತಾನ ಎರಡು ಸಲ ಫೋನು ಮಾಡಿ ಬೈದ,
ಎರಡನೆಯ ಸಲ ಕೆಮ್ಮುತ್ತ.

ಆಮೇಲೆ ಸುಮ್ಮನೆ ಇಣುಕಿದೆ.
ಇರುವವು: ಸೊನ್ನೆಯಿಂದ ಏಳು.
ಎಚ್ಚರವಿರುವವು: ಸೊನ್ನೆಯಿಂದ ಮೂರು.
ಎರಡೂ ಸಾಲು ನಿಜ.

ಏಳಕ್ಕೆ ಪಾಳಿ ಮುಗಿಯಿತು.
ನಿನಗೆ ಈಗ ನಿನ್ನ ಕೋಟು, ನನಗೆ ನನ್ನದು.
ನಿಲ್ದಾಣದಲ್ಲಿ ನಿಂತು ಜೇಬಿಗೆ ಕೈ ಹಾಕಿದೆ:
ಒಂದು ಟ್ರಾಮಿನ ಚೀಟಿ,
ನಾನೇ ಇಟ್ಟದ್ದು.