ತುಂಡು ಬಟ್ಟೆ

ಎರಡನೇ ಪೂಜೆ ಮುಗಿದ ಮೇಲೆ ದೊತೊರ್ನ್.
ಇಗರ್ಜಿಯ ಹಿಂದಿನ ಹಂಚಿನ ಶೆಡ್ಡು, ಆರನೇ ತರಗತಿ,
ಹದಿನಾಲ್ಕು ಮಕ್ಕಳು, ಕಾಲು ಮುರಿದ ಕರಿಹಲಗೆ.
ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ಕೊಂಕಣಿ,
ಪ್ರಶ್ನೆ ಕೇಳಬೇಕಾದರೆ ಮಾತ್ರ ಕನ್ನಡ ಇವರಿಗೆ.
ಆಚೆ ಹಳಿಯ ಮೇಲೆ ಕಣ್ಣೂರಿನ ಗಾಡಿ ಹೋಗುವಾಗ
ದೇವರ ಮಾತೂ ಒಂದು ನಿಮಿಷ ನಿಲ್ಲುತ್ತದೆ.

ವಾರದ ಆರು ದಿನ ನಾನು ಹೊಸಂಗಡಿಯಲ್ಲಿ ದರ್ಜಿ,
ಏಳನೆಯ ದಿನ ಮಾಸ್ಟ್ರು.
ಇಪ್ಪತ್ತೆರಡು ವರ್ಷದಿಂದ ಅದೇ ಪಾಠ:
ಗಿಡ್ಡ ಜಕ್ಕಾಯ, ಸುಂಕದವ, ಮರ ಹತ್ತಿದವ.
ಅತ್ತಿಮರ ಅಂದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ,
ಗೇರುಮರ ಅನ್ನುತ್ತೇನೆ, ಎಲ್ಲರೂ ಹತ್ತಿ ಕೂರುತ್ತಾರೆ.

"ಮನಪರಿವರ್ತನೆ ಎಂದರೇನು?"
ಮಗ್ಗಿಯ ಹಾಗೆ ಉತ್ತರ:
ಪಾಪದಿಂದ ತಿರುಗಿ ದೇವರ ಕಡೆಗೆ ನಡೆಯುವುದು.
ಹತ್ತಕ್ಕೆ ಹತ್ತು. ನಾನೇ ಬಾಯಿಪಾಠ ಮಾಡಿಸಿದ್ದು.

ಹಿಂದಿನ ಬೆಂಚಿನಿಂದ ಎಲ್ಯಾಸ್,
ಮೀನಿನ ಬೊನಿಫಾಸನ ಮೊಮ್ಮಗ,
ಮೂಗು ಒರೆಸಿಕೊಳ್ಳುತ್ತ ಎದ್ದ:
"ಮಾಸ್ಟ್ರೇ, ಯಾರಿಂದ ಎಷ್ಟು ಹೊಡೆದಿದ್ದೆ ಅಂತ
ಅವನಿಗೆ ಹೇಗೆ ನೆನಪಿತ್ತು? ಲೆಕ್ಕಪುಸ್ತಕ ಇತ್ತಾ?"

ಮಕ್ಕಳು ನಕ್ಕರು. ಗಾಡಿ ಬರಲಿ ಎಂದು ಕಾದೆ.
ಆ ದಿನ ಗಾಡಿ ತಡ.

ಇದೆ, ಮಗೂ, ಲೆಕ್ಕಪುಸ್ತಕ ಇದೆ.
ಅಂಗಡಿಯ ಅಟ್ಟದಲ್ಲಿ ತಗಡಿನ ಪೆಟ್ಟಿಗೆ,
ಪೆಟ್ಟಿಗೆ ತುಂಬ ತುಂಡುಗಳು.
ಎರಡೂವರೆ ಸಾಕಾಗುವಲ್ಲಿ ಮೂರು ಮೀಟರ್ ತನ್ನಿ ಅಂದದ್ದು,
ಉಳಿದದ್ದು ಕೇಳಿದರೆ ಕಟಿಂಗಿನಲ್ಲಿ ಹೋಯ್ತು ಅಂದದ್ದು.
ಪ್ರತಿ ತಪಸ್ಸುಕಾಲದಲ್ಲಿ ಪಾದ್ರಿಯ ಕಿವಿಗೆ
ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ ಎಂದು ಉಸುರಿ
ಮೂರು ನಮಾನ್ ಮರಿಯೆ ಮುಗಿಸಿ ಮನೆಗೆ ಬಂದದ್ದು.
ಸಣ್ಣವೇ ಹೌದು. ಒಂದೊಂದೂ ಗೇಣಗಲ, ಮೊಳ ಉದ್ದ.

ರಾತ್ರಿ ಪೆಟ್ಟಿಗೆ ಇಳಿಸಿದೆ. ನುಸಿಗುಳಿಗೆಯ ವಾಸನೆ.
ನಂಬುತ್ತೀರೋ ಇಲ್ಲವೋ, ಒಂದೊಂದರ ಮುಖವೂ ಗೊತ್ತು:
ಈ ಬಿಳಿ ಸ್ಯಾಟಿನ್ ಜೆಸಿಂತಳ ಮಗಳ ಮೊದಲ ಪರಮಪ್ರಸಾದದ್ದು,
ಈ ಹಸಿರು ಉಪ್ಪಳದ ಐಸಮ್ಮನ ಪೆರ್ನಾಲ್,
ಈ ಖಾಕಿ ಕಂಡಕ್ಟರ್ ಕೊರಗಪ್ಪ, ತೀರಿ ಒಂಬತ್ತು ವರ್ಷ.
ತಳದಲ್ಲಿ ಕೆಂಪು ರೇಷ್ಮೆ, ನನ್ನ ಅಕ್ಕನ ಮದುವೆಯ ರವಿಕೆ.
ಸ್ವಂತ ಅಕ್ಕ.
ನಂಬಿಕೆಯನ್ನೂ ಹೀಗೇ, ಗಿರಾಕಿಯ ಬಟ್ಟೆಯಂತೆ
ಅಳೆದೆ, ಕತ್ತರಿಸಿದೆ, ಇಸ್ತ್ರಿ ಹಾಕಿ ಕೊಟ್ಟೆ;
ನನ್ನ ಮೈಗೆ ಹಿಡಿದು ನೋಡಿರಲಿಲ್ಲ.

ಸೋಮವಾರ ಅಂಗಡಿ ಮುಚ್ಚಿ, ಚೀಲ ಹಿಡಿದು ಹೊರಟೆ.
ಜಕ್ಕಾಯನ ಮನೆಗೆ ಸ್ವಾಮಿಯೇ ಊಟಕ್ಕೆ ಬಂದಿದ್ದ,
ನಾನು ಕಂಡವರ ಅಂಗಳದಲ್ಲಿ ನಾಯಿಗೆ ಹೆದರಿ ನಿಂತೆ.
ಜೆಸಿಂತ ತುಂಡನ್ನು ನೋಡಿದಳು, ನನ್ನನ್ನು ನೋಡಿದಳು,
ಒಳಗೆ ಹೋದವಳು ಹೊರಗೆ ಬರಲಿಲ್ಲ.
ಐಸಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು
ಸೊಸೆಗೆ ಬ್ಯಾರಿಯಲ್ಲಿ ಏನೋ ಹೇಳಿ ನಕ್ಕಳು.
"ನನಗೆ ಅಂದೇ ಗೊತ್ತಿತ್ತು, ಲಿಯಾಂಡರಣ್ಣ.
ನಿಮ್ಮ ಹೊಲಿಗೆ ಬಿಚ್ಚುವುದಿಲ್ಲ ಅಂತ ಸುಮ್ಮನಿದ್ದೆ."
ಬೆಲ್ಲದ ಚಾ ಕೊಟ್ಟಳು.
ಅದು ಗಂಟಲಿನಿಂದ ಇಳಿಯಲು ಬಹಳ ಹೊತ್ತು ಬೇಕಾಯಿತು.

ಕೊರಗಪ್ಪನ ಮನೆಗೆ ಬೀಗ.
ಖಾಕಿ ಚೀಲದಲ್ಲೇ ಇದೆ.
ಅಕ್ಕನ ಮನೆಯ ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿದೆ.
ತಿರುಗುವುದು ಎಂಬ ಶಬ್ದವನ್ನು ಎಷ್ಟು ಸುಲಭವಾಗಿ
ಹಲಗೆಯ ಮೇಲೆ ಬರೆಯುತ್ತಿದ್ದೆ!

ಆದಿತ್ಯವಾರ ಎಲ್ಯಾಸನಿಗೆ ಹೇಳಿದೆ:
"ಪುಸ್ತಕ ಬೇಡ. ನೆನಪಿರುತ್ತದೆ."
ಅವನು ಯೋಚಿಸಿದ. ಉಗುರು ಕಚ್ಚಿದ.
"ಆಯ್ತು ಮಾಸ್ಟ್ರೇ. ಆದರೆ ನಾಲ್ಕು ಪಾಲು ಕೊಡ್ತೇನೆ ಅಂದನಲ್ಲ,
ಉಳಿದ ಮೂರು ಎಲ್ಲಿಂದ ತಂದ?"

ಅಷ್ಟರಲ್ಲಿ ಕಣ್ಣೂರಿನ ಗಾಡಿ ಬಂತು.
ಅದು ಹೋದ ಮೇಲೂ ಹುಡುಗ ನಿಂತೇ ಇದ್ದ.