ಹತ್ತು ಸೆಕೆಂಡಿನ ನಿದ್ದಿ

ಹಾವೇರಿ ತಹಶೀಲ್ದಾರ ಕಚೇರಿ ಎದುರಿಗೆ
ತಗಡಿನ ನೆರಳಾಗ ನನ್ನ ಅರ್ಜಿ ಅಂಗಡಿ.
ಮಂದಿ ಹೇಳತಾರ, ನಾ ಒತ್ತತೀನಿ,
ಒತ್ತಿದ್ದನ್ನ ಯಂತ್ರ ನನಗ ತಿರುಗಿ ಹೇಳತೈತಿ:
ಮಾ ಅಂದ್ರ ಮಾ, ಮಾನ್ಯರೇ ಅಂದ್ರ ಮಾನ್ಯರೇ.
ನನ್ನ ಕಣ್ಣು ಅಂದ್ರ ಇದಽ,
ಬೆಂಕಿಪೊಟ್ಟಣದಷ್ಟು ಸ್ಪೀಕರು.

ಹಳೇ ಕಂಪ್ಯೂಟರು. ಲಿನಕ್ಸ್ ಹಾಕಿಸೀನಿ,
ಪುಕ್ಕಟೆ ಬರತೈತಿ, ಮಾತೂ ಆಡತೈತಿ.
ಯುಗಾದಿ ಮುಗದ ವಾರ ಹತ್ತಿತು ಇದಕ್ಕ ರೋಗ.
ನಡುವಽ ಟಕ್ ಅಂತೈತಿ, ಆಮ್ಯಾಲ ಏನೂ ಇಲ್ಲ.
ಕೀಲಿ ಒತ್ತತೀನಿ, ಬಾವ್ಯಾಗ ಕಲ್ಲು ಒಗದಂಗ,
ತಳ ಮುಟ್ಟಿದ ಸಪ್ಪಳ ಬರೂದಿಲ್ಲ.
ಏನಾತಂತ ಪರದೆ ಮ್ಯಾಲ ಬರದಿರತೈತಂತ.
ಅದನ್ನ ಓದಿ ಹೇಳಬೇಕಾದ ಬಾಯೇ
ಬಿದ್ದು ಹೋಗೈತಿ ಅಂತ ಬರದಿರತೈತಿ!

ವಾಯರು ತಿರುವಿದೆ. ಧೂಳು ಊದಿದೆ.
ದನಿ ಏರಿಸಿದೆ, ಇಳಿಸಿದೆ.
ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಮಾತಾಡತೈತಿ,
ಏನೂ ತಪ್ಪು ಮಾಡದ ಅಳಿಯನಂಗ.

ಲೆಕ್ಕ ಹಿಡದೆ. ವಕೀಲರ ಗುಮಾಸ್ತ ಕೊಟ್ರಗೌಡ
ಉಸುರು ತಗೊಳ್ಳದ ನಾಕು ಪುಟ ಹೇಳಿದ, ಏನೂ ಆಗಲಿಲ್ಲ.
ಗುತ್ತಲದ ಮುದುಕಿ ಗಂಡ ತೀರಿದ ತಾರೀಖಿಗೆ ಬಂದು
ನಿಂತ್ಲು, ನಿಂತಽ ಇದ್ಲು.
ಸೋಮವಾರ ಅಂದ್ಲು. ಸೋ ಒತ್ತಿದೆ, ಟಕ್.
ಸಸ್ಪೆಂಡಾದ ಬಿಲ್ ಕಲೆಕ್ಟರ್ ಫಕ್ಕೀರಪ್ಪ
ರೊಕ್ಕದ ಮೊತ್ತ ಹೇಳೂ ಮುಂದ
ಗಂಟಲು ಸರಿ ಮಾಡಿಕೊಂಡ, ಮತ್ತೊಮ್ಮೆ ಮಾಡಿಕೊಂಡ, ಟಕ್.
ತಡವರಿಸಾವ್ರ ಮುಂದಽ ಸಾಯತೈತಿ ಇದು.

ಬಾಜೂಕ ಯಾಲಕ್ಕಿ ಹಾರ ಪೋಣಿಸೂ ಜೈಬುನ್‌ಬಿ.
ಇಂಗ್ಲೀಷು ಒಂದಕ್ಷರ ಬರೂದಿಲ್ಲ, ಕಣ್ಣು ಮಾತ್ರ ಸೂಜಿ.
ನನಗ ಇಂಗ್ಲೀಷು ಬರತೈತಿ,
ಕಣ್ಣು ಏಳನೇತ್ತೆಕ್ಕಽ ಮುಗದ್ವು.
"ಕಡೀ ಸಾಲಿನ ಕಡೀ ಮಾತು ನೋಡಬೇ,
ಹೆಂಗೈತಿ ಹಂಗ ಹೇಳು."
"ಒಂದು ಹಾವು. ಬಾಯಿ ತೆರೆದ ಬಟ್ಟಲ. ಮತ್ತ ಅದಽ ಹಾವು.
ಕೋಲು, ಗೆರಿ ಕೆಳಗ ಕಾಲು ಚಾಚೇತಿ, ಮ್ಯಾಲ ಹೊಟ್ಟಿ.
ಅರ್ಧ ಮುಚ್ಚಿದ ಕಿವಿ. ಗಿಡ್ಡ ಕಮಾನು.
ಆಮ್ಯಾಲ, ತಡಿ, ಕೋಲಿಗೆ ಬೆನ್ನು ಕೊಟ್ಟು ಕುಂತ ಸೊನ್ನಿ."

ಇಪ್ಪತ್ತಾರು ವರ್ಷಾತು ಅಕ್ಷರದ ಮಾರಿ ನೋಡಿ.
ಬೆರಳಿಗೆ ಅವು ಬರೇ ಜಾಗಾ, ಕಿವಿಗೆ ಬರೇ ಹೆಸರು.
ಯಾಲಕ್ಕಿ ವಾಸನಿಯೊಳಗ ಒಂದೊಂದಽ ಎದ್ದು ಬಂದ್ವು,
ಸಾಲ್ಯಾಗಿನ ಕರೀ ಹಲಗಿ ಮ್ಯಾಲ ಬರದಂಗ, ಬೆಳ್ಳಗ.
"ಸಸ್ಪೆಂಡ್," ಅಂದೆ.
ಫಕ್ಕೀರಪ್ಪ ಬೆಂಚಿನಿಂದ ಎದ್ದು ನಿಂತ:
"ಇದನ್ನೂ ಮಾಡಿದ್ರೇನ್ರಿ ಅಕ್ಕಾರ?"

ಹತ್ತು ಸೆಕೆಂಡು ಯಾರೂ ಮಾತಾಡದಿದ್ರ
ಕರೆಂಟು ಉಳೀಲಂತ ಸೌಂಡ್ ಕಾರ್ಡು ಮಲಗತೈತಿ.
ಎಬ್ಬಿಸಿದ್ರ ನೆಟ್ಟಗ ಏಳಾಕ ಬರೂದಿಲ್ಲ,
ಜೋಡಿಗೆ ಓದಿ ಹೇಳೂ ಪ್ರೋಗ್ರಾಮನ್ನೂ ಕೆಡವತೈತಿ.
ಇಷ್ಟಽ.

ಅಂದಾಜಿನ ಮ್ಯಾಲ ಟೈಪ್ ಮಾಡಿದೆ, ಜೈಬುನ್‌ಬಿ ಕಾವಲು.
"ಇಲ್ಲೊಂದು ಕೋಲು ಐತಿ, ಒಂದು ಸೊನ್ನಿ."
ಕೋಲು ಅಳಿಸಿದೆ. "ಈಗ?"
"ಬರೇ ಸೊನ್ನಿ. ಒಂಟಿ ಬಳಿ ಹಂಗ."

ಈಗ ಸ್ಪೀಕರು ಸುಮ್ಮನಿದ್ದಾಗೂ ಸಣ್ಣಗ ಉಸುರಾಡತೈತಿ,
ಬಾಗಿಲ ಸಂದ್ಯಾಗ ಗಾಳಿ ನಿಂತಂಗ.
ಕರೆಂಟಿನ ಬಿಲ್ಲು ನಾಕಾಣೆ ಹೆಚ್ಚಿಗೆ ಬರಲಿ.
ಫಕ್ಕೀರಪ್ಪನ ಅರ್ಜಿ ಹೋತು. ಅವನ ಅಮಾನತು
ಒಂದು ಕೋಲು ಅಳಿಸಿದ್ರ ಮುಗಿಯೂವಂಥದ್ದಲ್ಲ.

ಗುತ್ತಲದ ಮುದುಕಿ ಮತ್ತ ಬಂದಾಳ.
ತಾರೀಖಿನ ಮುಂದ ನಿಂತಾಳ.
ಹನ್ನೊಂದು. ಹನ್ನೆರಡು. ಇಪ್ಪತ್ತು.
ಬಸ್ಸೊಂದು ಹಾದು ಹೋತು. ಜೈಬುನ್‌ಬಿ ದಾರಕ್ಕ ಗಂಟು ಹಾಕಿದ್ಲು.
ನಾ ಏನೂ ಕೇಳಲಿಲ್ಲ.

"ಸೋಮವಾರ ಅಲ್ಲವಾ," ಅಂದ್ಲು.
"ರವಿವಾರ ರಾತ್ರೀನಽ ಹೋಗಿದ್ದ. ನನಗ ಗೊತ್ತಿತ್ತು."

ರ ಒತ್ತಿದೆ.
ರ ಅಂತು.